ಸದ್ದಿಗೆ ಕಾರಣ ಕೇಳುವುದು ಅಶ್ರದ್ಧೆಯೇ?

ಕಳಸ, ಬಾಳೆಹೊಳೆ, ಮೂಡಿಗೆರೆ ಸೀಮೆಯ ಎಷ್ಟೋ ತೋಟದ ಮನೆಗಳಿಗೆ ನೀರು ಬರುವುದು ಮೇಲಿನ ಗುಡ್ಡದಿಂದ. ಹಿಂದೆ ಅಡಕೆ ದಬ್ಬೆಯಲ್ಲಿ ಹರಿದು ಬರುತ್ತಿದ್ದ ಅಬ್ಬಿ ನೀರು ಈಗ ಕಪ್ಪು ಪೈಪಿನಲ್ಲಿ ಇಳಿದು ಅಡುಗೆಮನೆಗೂ ಬಚ್ಚಲಿಗೂ ಮಾಡಿನ ಮೇಲಿನ ಸೋಲಾರಿಗೂ ಹೋಗುತ್ತದೆ. ದಬ್ಬೆಯ ನೀರು ಕಣ್ಣಿಗೆ ಕಾಣುತ್ತಿತ್ತು. ಎಲೆ ಸಿಕ್ಕಿಕೊಂಡರೂ ದಬ್ಬೆ ಜಾರಿದರೂ ದಾರಿಹೋಕರಿಗೇ ಗೊತ್ತಾಗುತ್ತಿತ್ತು. ಪೈಪಿನೊಳಗೆ ನಡೆಯುವುದು ಕಾಣುವುದಿಲ್ಲ, ಕೇಳಿಸುತ್ತದೆ. ನಡುರಾತ್ರಿ ಗೊರಗೊರ, ಗೋಡೆಯೊಳಗೆ ದಢಾರ್, ಮಾಡಿನಲ್ಲಿ ಟಕ್ ಟಕ್. ಕಾಣದ ಕಡೆಯಿಂದ ಬರುವ ಸದ್ದಿಗೆ ಮಲೆನಾಡಿನ ಮನೆಗಳಲ್ಲಿ ಎರಡು ಬಗೆಯ ಉತ್ತರ ಇದ್ದೇ ಇದೆ. ಒಬ್ಬರು ಚೌಡಿಗೆ ಹರಕೆ ಹೇಳಿಕೊಳ್ಳುತ್ತಾರೆ. ಇನ್ನೊಬ್ಬರು ಕತ್ತಿ ಹಿಡಿದು, ಪೈಪಿನ ಜಾಡಿನಲ್ಲೇ ಗುಡ್ಡ ಹತ್ತುತ್ತಾರೆ. ಗುಡ್ಡ ಹತ್ತಿದವರ ಶ್ರದ್ಧೆ ಕಡಿಮೆಯದೆಂದು ಹೇಳಬಹುದೇ? ಹೇಳಲಾಗದು ಎಂಬುದು ನನ್ನ ವಾದ. ಕಾರಣವನ್ನು ಕೊನೆಯವರೆಗೆ ಹುಡುಕುವುದು ಶ್ರದ್ಧೆಯದೇ ಕೆಲಸ. ಆ ಹುಡುಕಾಟ ನಿಲ್ಲುವ ಜಾಗದಲ್ಲಿ ಸಿಗುವುದು ನಮ್ಮ ಕರ್ತವ್ಯ.

ಮೊದಲು ಆ ಸದ್ದುಗಳನ್ನೇ ನೋಡೋಣ. ಗುಡ್ಡದ ಪೈಪು ನೇರ ಇಳಿಯುವುದಿಲ್ಲ, ದಿಣ್ಣೆ ಏರಿ ತಗ್ಗು ಇಳಿದು ಬರುತ್ತದೆ. ನೀರಿನ ಜೊತೆ ಬಂದ ಗಾಳಿ ದಿಣ್ಣೆಯ ನೆತ್ತಿಯಲ್ಲಿ ಸೇರಿಕೊಂಡು ದಾರಿಯನ್ನು ಕಿರಿದು ಮಾಡುತ್ತದೆ. ಉಳಿದ ಸಂದಿಯಲ್ಲಿ ನೀರು ನುಸುಳುವಾಗ ಗೊರಗೊರ ಎನ್ನುತ್ತದೆ, ಕೆಲವೊಮ್ಮೆ ನಿಂತೇಬಿಡುತ್ತದೆ. ಏರ್ ಕಟ್ಟಿದೆ ಎನ್ನುವುದು ಇದನ್ನೇ. ನೆತ್ತಿಯಲ್ಲೊಂದು ಏರ್ ವಾಲ್ವ್ ಕೂರಿಸಿದರೆ ಗಾಳಿ ಹೊರಹೋಗುತ್ತದೆ. ನಲ್ಲಿಯನ್ನು ಫಕ್ಕನೆ ಮುಚ್ಚಿದಾಗ ಬರುವ ದಢಾರ್ ಸದ್ದಿನ ಮೂಲ ಬೇರೆ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಓಡುತ್ತಿದ್ದ ನೀರು ಕಬ್ಬಿಣದ ಪೈಪಿನಲ್ಲಿ ಒಮ್ಮೆಲೇ ನಿಂತರೆ, 100 ಮೀಟರಿಗೂ ಎತ್ತರದ ನೀರಿನ ಕಂಬ ಒತ್ತುವಷ್ಟು ಒತ್ತಡ ಕ್ಷಣಮಾತ್ರ ಎದ್ದು ಪೈಪನ್ನು ಗೋಡೆಗೆ ಬಡಿಯುತ್ತದೆ. ನಿಧಾನ ಮುಚ್ಚುವುದು, ಪೈಪಿಗೆ ಕ್ಲಾಂಪು ಬಿಗಿಯುವುದು ಇದಕ್ಕೆ ಮದ್ದು. ಟಕ್ ಟಕ್ ಎನ್ನುವುದು ಸೋಲಾರಿನ ಬಿಸಿನೀರು ತರುವ ತಾಮ್ರದ ಕೊಳವೆ. 3 ಮೀಟರ್ ಉದ್ದದ ತಾಮ್ರ 40 ಡಿಗ್ರಿ ಬಿಸಿಯಾದರೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಗೋಡೆಯಲ್ಲಿ ಅದಕ್ಕೆ ಜಾಗ ಬಿಟ್ಟಿರದಿದ್ದರೆ ಉಜ್ಜಿಕೊಂಡು ಸದ್ದು ಮಾಡುತ್ತದೆ. ಹಿಮ ಬೀಳುವ ದೇಶಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಕೋಣೆ ಕೋಣೆಗೂ ಬಿಸಿನೀರು ಹರಿಸುವ ರೇಡಿಯೇಟರುಗಳು ರಾತ್ರಿ ಗೊಣಗುವುದಕ್ಕೂ ಬಹುಪಾಲು ಇವೇ ಕಾರಣ. ಅಲ್ಲಿ ರೇಡಿಯೇಟರಿನ ಬುಡ ಬಿಸಿಯಿದ್ದು ತಲೆ ತಣ್ಣಗಿದ್ದರೆ ಒಳಗೆ ಗಾಳಿ ಕೂತಿದೆ ಎಂದು ತಿಳಿದು, ಪುಟ್ಟ ಕೀಲಿಯಿಂದ ಅದನ್ನು ಹೊರಬಿಡುತ್ತಾರೆ.

ಕಾರ್ಯವನ್ನು ಕಂಡು ಕಾಣದ ಕಾರಣವನ್ನು ತಿಳಿಯುವುದು ನಮಗೆ ಎರವಲು ಬಂದ ವಿದ್ಯೆಯಲ್ಲ. ಗೌತಮನ ನ್ಯಾಯಸೂತ್ರ ಹೇಳುವ ಮೂರು ಬಗೆಯ ಅನುಮಾನಗಳಲ್ಲಿ ಶೇಷವತ್ ಎಂಬುದು ಇದೇ. ಅದಕ್ಕೆ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಉದಾಹರಣೆ ಉಬ್ಬಿದ ಹೊಳೆ: ಹೊಳೆ ಉಬ್ಬಿದ್ದನ್ನು ಕಂಡು ಮೇಲೆ ಮಳೆಯಾಗಿದೆ ಎಂದು ಅರಿಯುವುದು. ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದರೆ ಕುದುರೆಮುಖದ ಕಡೆ ಮಳೆ ಜೋರಾಗಿದೆ ಎನ್ನುವ ಕಳಸದವರಿಗೆ ಈ ಉದಾಹರಣೆಯನ್ನು ವಿವರಿಸಬೇಕಾಗಿಲ್ಲ. ಸೂತ್ರಕಾರ ಅಲ್ಲಿಗೇ ನಿಲ್ಲದೆ ಆಕ್ಷೇಪವನ್ನೂ ತಾನೇ ಎತ್ತುತ್ತಾನೆ. ಕೆಳಗೆ ಯಾರೋ ಕಟ್ಟೆ ಹಾಕಿದರೂ ಹೊಳೆ ಉಬ್ಬೀತು. ಮನುಷ್ಯನೂ ನವಿಲಿನಂತೆ ಕೂಗಬಲ್ಲ. ಹಾಗಿರುವಾಗ ಅನುಮಾನವನ್ನು ನಂಬುವುದು ಹೇಗೆ? ಮಳೆಯಿಂದ ಬಂದ ನೆರೆಯ ಚಹರೆ ಬೇರೆ ಎಂಬುದು ಉತ್ತರದ ತಿರುಳು. ಅದರಲ್ಲಿ ಸೆಳೆತವಿರುತ್ತದೆ, ನೊರೆ ಇರುತ್ತದೆ, ಎಲೆ, ಕಾಯಿ, ಕಟ್ಟಿಗೆ ತೇಲಿಬರುತ್ತವೆ. ತಪ್ಪಿದ್ದು ಅನುಮಾನವಲ್ಲ, ಸರಿಯಾಗಿ ನೋಡದವನ ಕಣ್ಣು. ಪೈಪಿನ ವಿಷಯದಲ್ಲೂ ಇದೇ ಶಿಸ್ತು ಬೇಕು. ಸದ್ದು ನಲ್ಲಿ ಮುಚ್ಚಿದಾಗ ಮಾತ್ರವೋ, ಬಿಸಿನೀರು ಬಿಟ್ಟಾಗ ಮಾತ್ರವೋ, ಇಡೀ ರಾತ್ರಿಯೋ? ಒಂದನ್ನು ಮಾತ್ರ ಬದಲಿಸಿ, ಸದ್ದು ಏನಾಯಿತೆಂದು ಕೇಳಬೇಕು. ಎಲ್ಲ ಗೊರಗೊರವೂ ಗಾಳಿಯದೇ ಎಂದು ಮೊದಲೇ ತೀರ್ಮಾನಿಸುವವನು, ಎಲ್ಲ ಸದ್ದೂ ಭೂತದ್ದೇ ಎನ್ನುವವನಷ್ಟೇ ಅವಸರದವನು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಹೀಗೆ ಒಂದೊಂದಕ್ಕೂ ಕಾರಣ ಹುಡುಕುತ್ತಾ ಹೋದರೆ ಲೋಕದಲ್ಲಿ ಪವಿತ್ರವಾದದ್ದು ಏನು ಉಳಿಯುತ್ತದೆ? ಮಲೆನಾಡಿನ ದೇವರಕಾಡು, ನಾಗಬನ, ಚೌಡಿಬನಗಳು ಕೊಡಲಿಗೆ ಸಿಕ್ಕದೆ ಉಳಿದದ್ದು ಭಯಭಕ್ತಿಯಿಂದಲ್ಲವೇ? ಅವುಗಳ ಮಡಿಲಲ್ಲಿ ಒರತೆಗಳು ಉಳಿದದ್ದೂ ಅದರಿಂದಲೇ ಅಲ್ಲವೇ? ಈ ಮಾತಿನಲ್ಲಿ ಸತ್ಯವಿದೆ. ಆದರೆ ಬನವನ್ನು ಕಾಯ್ದದ್ದು ಭಯವೊಂದೇ ಅಲ್ಲ. ಇಲ್ಲಿ ಮರ ಕಡಿಯಬಾರದು, ಇಲ್ಲಿ ಹೊಲಸು ಮಾಡಬಾರದು ಎಂಬ ಕಟ್ಟುಪಾಡು ಅದನ್ನು ಕಾಯ್ದಿತು, ಮತ್ತು ಆ ಕಟ್ಟುಪಾಡು ಊರಿನ ನಿತ್ಯದ ನಡೆಯಲ್ಲಿ ಇಳಿದಿತ್ತು. ಕಟ್ಟುಪಾಡಿಲ್ಲದ ಬರಿಯ ಭಯ ಯಾರನ್ನೂ ನೀರಿನ ಕಣ್ಣಿನವರೆಗೆ ಕರೆದೊಯ್ಯುವುದಿಲ್ಲ. ಮನೆಯೊಳಗೇ ಕೂರಿಸಿ ಕಿವಿ ಮುಚ್ಚಿಸುತ್ತದೆ. ಹರಕೆ ಹೇಳಿಕೊಂಡ ಮೇಲೂ ಗುಡ್ಡ ಹತ್ತುವವರ ಭಕ್ತಿಯೊಡನೆ ನನಗೆ ಜಗಳವಿಲ್ಲ. ಹರಕೆ ಹೇಳಿಕೊಂಡೆವಲ್ಲ, ಇನ್ನು ನಮ್ಮ ಕೆಲಸ ಮುಗಿಯಿತು ಎಂಬ ನೆಮ್ಮದಿಯೊಡನೆ ಇದೆ.

ಎರಡನೆಯ ಆಕ್ಷೇಪ ಇನ್ನೂ ಆಳದ್ದು, ಮತ್ತು ಶೃಂಗೇರಿ ಇರುವ ಜಿಲ್ಲೆಯಲ್ಲಿ ಅದನ್ನು ಹಗುರವಾಗಿ ದಾಟುವಂತಿಲ್ಲ. ಕಾರ್ಯ, ಕಾರಣ ಎಂಬ ಭೇದವೇ ವ್ಯವಹಾರದ ಮಟ್ಟದ್ದು, ಪರಮಾರ್ಥದಲ್ಲಿ ಎರಡಿಲ್ಲ ಎಂದಮೇಲೆ ಪೈಪಿನ ಗಾಳಿಗೆ ತಲೆ ಕೆಡಿಸಿಕೊಳ್ಳುವುದೇಕೆ? ಆದರೆ ಶಂಕರರ ವಿಚಾರ ವ್ಯವಹಾರದಲ್ಲಿ ಸೋಮಾರಿತನಕ್ಕೆ ಎಡೆ ಕೊಡುವುದಿಲ್ಲ. ಬೆಂಕಿ ತಂಪಾಗಿದೆ ಎಂದು ನೂರಾರು ಶ್ರುತಿಗಳು ಸಾರಿದರೂ ಅದು ಪ್ರಮಾಣವಾಗದು ಎಂಬ ಭಾವದ ಮಾತನ್ನು ಅವರು ಗೀತಾಭಾಷ್ಯದಲ್ಲೇ ಆಡಿದ್ದಾರೆ. ಪ್ರತ್ಯಕ್ಷಕ್ಕೆ ಸಲ್ಲಬೇಕಾದದ್ದನ್ನು ಪ್ರತ್ಯಕ್ಷಕ್ಕೆ ಬಿಡಬೇಕು. ಹಗ್ಗದಲ್ಲಿ ಹಾವು ಕಂಡವನ ಪ್ರಸಿದ್ಧ ದೃಷ್ಟಾಂತವೂ ಹೇಳುವುದು ಇದನ್ನೇ: ಓಡಿದರೂ ಕಣ್ಣು ಮುಚ್ಚಿದರೂ ಆ ಹಾವು ಹೋಗದು, ದೀಪ ತಂದು ಹಗ್ಗವನ್ನು ಹಗ್ಗವೆಂದು ನೋಡಿದಾಗ ಮಾತ್ರ ಹೋಗುತ್ತದೆ. ಕಣ್ಣೆದುರಿನ ಸಣ್ಣ ಭ್ರಮೆಯನ್ನು ಬೆಳಕಿನಲ್ಲಿ ನೋಡಲು ಒಪ್ಪದವನು ದೊಡ್ಡ ಭ್ರಮೆಯನ್ನು ದಾಟುವ ಅಭ್ಯಾಸವನ್ನು ಎಲ್ಲಿಂದ ತಂದಾನು?

ಹೀಗೆ ಹುಡುಕುತ್ತಾ ಹೋದವರಿಗೆ ಕೆಲವೊಮ್ಮೆ ಸಿಗುವ ಕಾರಣ ವಾಲ್ವಿನಿಂದ ತೀರುವಂಥದ್ದಲ್ಲ. ಫೆಬ್ರವರಿ, ಮಾರ್ಚ್ ತಿಂಗಳು ಕಾಫಿಗೆ ಹೂಮಳೆ ಕಾಯುವ ಕಾಲ. ಮಳೆ ತಡವಾದರೆ ಸ್ಪ್ರಿಂಕ್ಲರ್ ಓಡಿಸುವ ಕಾಲವೂ ಹೌದು. ಆಗ ಒರತೆ ಇಳಿದು, ಪೈಪಿನ ಬಾಯಿ ಅರ್ಧ ಹೊರಬಿದ್ದು, ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತದೆ. ಎಷ್ಟು ಸಲ ಏರ್ ತೆಗೆದರೂ ಗೊರಗೊರ ಮರಳುತ್ತದೆ. ಒರತೆ ಏಕೆ ಬೇಗ ಇಳಿಯಿತು ಎಂದು ಕೇಳಿದರೆ ಉತ್ತರ ಇನ್ನೂ ಮೇಲಿರುತ್ತದೆ: ತೆಗೆದ ನೆರಳಿನ ಮರಗಳಲ್ಲಿ, ಬೋಳಾದ ಶೋಲೆಯಲ್ಲಿ, ಕೆಳಗಿನ ಮನೆಗೂ ನೀರು ಬೇಕೆಂಬುದನ್ನು ಮರೆತ ಪಂಪಿನಲ್ಲಿ. ಹೊಳೆಯ ವಿಷಯದಲ್ಲೂ ಹೀಗೆ ಕಾರಣ ಕೇಳಿದ್ದುಂಟು. ಕುದುರೆಮುಖದ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಂತದ್ದು ಸುಪ್ರೀಂ ಕೋರ್ಟಿನ ಆದೇಶದಿಂದ. ಗಣಿಯ ವಿರುದ್ಧದ ಹೋರಾಟದಲ್ಲಿ ಭದ್ರೆಗೆ ಸೇರುವ ಹೂಳಿನ ಮೂಲ ಯಾವುದು ಎಂಬುದೂ ಒಂದು ಮುಖ್ಯ ಪ್ರಶ್ನೆಯಾಗಿತ್ತು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲವನ್ನು ತೀರ್ಥವೆಂದು ನಂಬುವವರಿಗೆ ಕೆಂಪಾದ ನೀರಿನ ಕಾರಣ ಕೇಳುವುದು ನಂಬಿಕೆಗೆ ಹೊರಗಿನ ಕೆಲಸವಾಗಿರಲಿಲ್ಲ.

ಭೌತಶಾಸ್ತ್ರ ಸದ್ದು ಎಲ್ಲಿಂದ ಬಂತೆಂದು ಹೇಳೀತು. ಕೆಳಗಿನ ಮನೆಗೆ ಎಷ್ಟು ನೀರು ಬಿಡಬೇಕೆಂದು ಅದು ಹೇಳದು. ಅಲ್ಲಿ ಧರ್ಮ ಮಾತನಾಡಬೇಕು. ಆದರೆ ಕಾರಣವನ್ನು ಅರಿಯದೆ ಧರ್ಮಕ್ಕೂ ಮಾತಿಲ್ಲ, ಏಕೆಂದರೆ ಯಾರ ಕೈಯಿಂದ ಏನಾಯಿತೆಂದು ತಿಳಿಯದ ಕಡೆ ಹೊಣೆ ಯಾರದೂ ಆಗುವುದಿಲ್ಲ, ತಪ್ಪೆಲ್ಲ ಕಾಣದ ಶಕ್ತಿಯ ತಲೆಗೆ ಹೋಗುತ್ತದೆ. ಮನುಷ್ಯರು ಮಾಡಿದ್ದನ್ನು ದೈವದ ಮೇಲೆ ಹೊರಿಸುವುದೇ ನಿಜವಾದ ಅಶ್ರದ್ಧೆ. ಪೂಜೆ ಮಾಡುವವರು ಮಾಡಲಿ, ಮಾಡದವರು ಬಿಡಲಿ. ಪೈಪಿನ ಬಾಯಿಯವರೆಗೆ ಇಬ್ಬರೂ ಹೋಗಬೇಕು, ಅಲ್ಲಿ ಕಂಡದ್ದಕ್ಕೆ ಇಬ್ಬರೂ ಹೊಣೆ ಹೊರಬೇಕು.