ಕೈಚಾಚದಿರುವ ಬೆಲೆ

ಅಪ್ಪನ ಕಾರಿನ ಮೂರು ವರ್ಷದ ವಾರಂಟಿ ಮುಂದಿನ ತಿಂಗಳು ಮುಗಿಯುತ್ತದೆ. ಹಣ ಕಟ್ಟಿ ಇನ್ನೆರಡು ವರ್ಷ ವಿಸ್ತರಿಸಿಕೊಳ್ಳಿ ಎಂದು ಷೋರೂಮಿನವರು ಫೋನ್ ಮಾಡುತ್ತಲೇ ಇದ್ದಾರೆ. ನಾನು ಬೇಡವೆಂದೆ. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಟೈರಿನಂಥ ಸವೆಯುವ ಭಾಗಗಳು ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ. ಮಾರುವವರು ತಮ್ಮ ಖರ್ಚು, ಲಾಭ ಎರಡನ್ನೂ ಸೇರಿಸಿಯೇ ಬೆಲೆ ಕಟ್ಟಿರುತ್ತಾರೆ. ಒಟ್ಟು ಲೆಕ್ಕದಲ್ಲಿ ಕೊಳ್ಳುವವರಿಗೆ ನಷ್ಟವೇ.

1738ರಲ್ಲಿ ಡೇನಿಯಲ್ ಬರ್ನೂಲಿ ಈ ಲೆಕ್ಕವನ್ನು ಬೇರೆ ಬಗೆಯಲ್ಲಿ ಮಾಡಿದ. ಆಮ್‌ಸ್ಟರ್‌ಡ್ಯಾಮಿನಿಂದ ಪೀಟರ್ಸ್‌ಬರ್ಗಿಗೆ 10,000 ರೂಬಲ್ಲಿನ ಸರಕು ಬರಬೇಕು. 100 ಹಡಗುಗಳಲ್ಲಿ 5 ದಡ ಸೇರುವುದಿಲ್ಲ. ಸರಾಸರಿ ನಷ್ಟ 500, ವಿಮೆಯ ಬೆಲೆ 800. ಆದರೂ, ಬೇರೆ ಆಸ್ತಿ ಸುಮಾರು 5,000 ರೂಬಲ್ಲಿಗಿಂತ ಕಡಿಮೆಯಿರುವ ವರ್ತಕ ವಿಮೆ ಮಾಡಿಸುವುದೇ ವಿವೇಕ ಎಂದ. ನಷ್ಟ ಎಷ್ಟು ಭಾರ ಎಂಬುದು ಹೊರುವವನ ಬೆನ್ನಿನ ಮೇಲಿದೆ.

ಇದನ್ನೆಲ್ಲ ಅಪ್ಪನಿಗೆ ವಿವರಿಸಿ, “ಕೆಟ್ಟರೆ ನಾನಿದ್ದೀನಲ್ಲ” ಎಂದೆ.

“ಅದಕ್ಕೇ ಕಣೋ ತಗೊಳ್ಳೋಣ ಅನ್ನೋದು” ಎಂದರು.

ನನ್ನ ಲೆಕ್ಕದಲ್ಲಿ ನಾನು ಅಪ್ಪನ ಆಸ್ತಿಯಾಗಿದ್ದೆ. ಅವರ ಲೆಕ್ಕದಲ್ಲಿ ಮಗನ ಮುಂದೆ ಕೈಚಾಚುವುದೇ ನಷ್ಟ. ಅದನ್ನು ರೂಬಲ್ಲಿನಲ್ಲಿ ಬರೆಯಲಾಗದು. ನಾನು ಪ್ರೀತಿಯಿಂದ ಕೊಟ್ಟ ಭರವಸೆ ಅವರಿಗೆ ಸಾಲದಂತೆ ಕಾಣಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಇಂಥ ಅಳುಕನ್ನೇ ಬಂಡವಾಳ ಮಾಡಿಕೊಳ್ಳುವ ವ್ಯಾಪಾರದ ಮೇಲೆ ನನ್ನ ಸಿಟ್ಟು ಹಾಗೇ ಇದೆ. ಆದರೆ ಅಳುಕು ಸುಳ್ಳಲ್ಲ. ನಾಳೆ ಇಬ್ಬರೂ ಕೂತು ಷರತ್ತುಗಳನ್ನು ಓದುತ್ತೇವೆ. ಹಣ ಅಪ್ಪನದು, ತೀರ್ಮಾನವೂ ಅವರದೇ.