ಕೊಟ್ಟ ಹೆಣ್ಣು ಕುಲಕ್ಕೆ ಹೊರಗು

ಮೈಸೂರು ಕಡೆಯ ಸಾಲಿಗ್ರಾಮದ ಸೀಮೆಯಲ್ಲಿ ಈ ಗಾದೆಯನ್ನು ಎರಡು ದನಿಯಲ್ಲಿ ಹೇಳುತ್ತಾರೆ. ಹೆಣ್ಣೊಪ್ಪಿಸುವ ಹೊತ್ತಿಗೆ ಅವ್ವ ಮಗಳ ತಲೆ ನೇವರಿಸಿ ಹೇಳುವುದು ಒಂದು. ಇನ್ನು ಮೇಲೆ ಆ ಮನೆಯೇ ನಿನ್ನದು, ಇಲ್ಲಿಯದನ್ನೇ ನೆನೆಸಿಕೊಂಡು ಕೊರಗಬೇಡ ಎನ್ನುವ ಸಮಾಧಾನ ಅದರಲ್ಲಿದೆ. ಅಪ್ಪ ತೀರಿಕೊಂಡ ಮೇಲೆ ಪಾಲಿನ ಮಾತೆದ್ದಾಗ ಅಣ್ಣತಮ್ಮಂದಿರು ಹೇಳುವುದು ಇನ್ನೊಂದು. ಅವ್ವನ ಬಾಯಲ್ಲಿ ಕಣ್ಣೀರು ಒರೆಸಿದ ಮಾತೇ ಅಣ್ಣನ ಬಾಯಲ್ಲಿ ಬೇಲಿಯಾಗುತ್ತದೆ.

ಈ ಬೇಲಿ ಎದ್ದದ್ದು ಮಣ್ಣಿನ ಮೇಲೆ. ಕಾವೇರಿ ದಂಡೆಯ ಭತ್ತದ ಬಯಲಿನಲ್ಲಿ ಒಂದೂವರೆ ಎಕರೆ ಗದ್ದೆ ಇರುವ ಮನೆಗೆ ಒಬ್ಬ ಮಗ, ನಾಲ್ವರು ಹೆಣ್ಣುಮಕ್ಕಳು ಎಂದುಕೊಳ್ಳಿ. ಐದು ಪಾಲಾದರೆ ಯಾರ ಪಾಲೂ ಒಂದು ಒಲೆ ಉರಿಸಲು ಸಾಲದು. ಆ ಭಯ ಸುಳ್ಳೆಂದು ನಾನು ಹೇಳಲಾರೆ. ಆದರೆ ಅದೇ ಒಂದೂವರೆ ಎಕರೆಯನ್ನು ಐವರು ಅಣ್ಣತಮ್ಮಂದಿರು ಹಂಚಿಕೊಂಡರೆ ಊರು ಅದನ್ನು ಪಾಲು ಎಂದಷ್ಟೇ ಕರೆಯುತ್ತದೆ. ತಂಗಿ ಕೇಳಿದಾಗ ಮಾತ್ರ ‘ಮನೆ ಒಡೆದಳು’ ಎನ್ನುತ್ತದೆ. ಭೂಮಿ ಚೂರಾಗುವ ಸಂಕಟವನ್ನೆಲ್ಲ ಈ ಗಾದೆ ಹೆಣ್ಣುಮಕ್ಕಳ ಮೇಲೆ ಹೊರಿಸಿಬಿಟ್ಟಿದೆ.

ಕಾನೂನು ಕೂಡ ಬಹುಕಾಲ ಈ ಗಾದೆಯ ಜಾಡಿನಲ್ಲೇ ನಡೆಯಿತು. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಹೆಂಗಸರ ಹಕ್ಕುಗಳಿಗೆ ಒಂದು ಕಾಯ್ದೆ ಮಾಡಿತು. ಆ ಕಾಲಕ್ಕೆ ಅದು ಬಹಳ ದೊಡ್ಡ ಹೆಜ್ಜೆ. ಆದರೂ ಹೆಣ್ಣುಮಕ್ಕಳ ಪೈಕಿ ಪಾಲಿನಲ್ಲಿ ಅದು ಲೆಕ್ಕಕ್ಕೆ ತಂದುಕೊಂಡದ್ದು ಮದುವೆಯಾಗದವರನ್ನು. 1994ರ ಜುಲೈ 30ರಿಂದ ಜಾರಿಗೆ ಬಂದ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹುಟ್ಟುಹಕ್ಕು ಕೊಟ್ಟಿತು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಒಂದೇ ಮನೆಯ ಅಕ್ಕ ಹೊರಗೆ, ತಂಗಿ ಒಳಗೆ. ನಡುವೆ ಇದ್ದದ್ದು ಮದುವೆಯ ತಾರೀಖು ಮಾತ್ರ. 2005ರ ಕೇಂದ್ರ ತಿದ್ದುಪಡಿ ಆ ಗೆರೆಯನ್ನು ಅಳಿಸಿತು. ಆ ತಿದ್ದುಪಡಿ ಜಾರಿಗೆ ಬಂದ ದಿನಕ್ಕೆ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಂದು, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆಂದು ನಾಡಕಚೇರಿಯಲ್ಲಿ ವಂಶವೃಕ್ಷ ಬರೆಸುವಾಗ ಕೊಟ್ಟ ಹೆಣ್ಣುಮಕ್ಕಳ ಹೆಸರನ್ನೂ ಬರೆಸಬೇಕು. ಆಮೇಲೆ ಅವರಿಗೆ ಫೋನು ಹೋಗುತ್ತದೆ, ಒಂದು ಸೈನ್ ಹಾಕಿ ಹೋಗು ಅಂತ. ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಬಹಳ ಜನ ಸೈನ್ ಹಾಕುತ್ತಾರೆ. ಹಾಕದಿದ್ದರೆ ಗೌರಿ ಹಬ್ಬದ ಬಾಗಿನ ನಿಂತೀತು ಎನ್ನುವ ಅಂಜಿಕೆ ಅವರದು.

ಹೊರಗಿನವಳೆಂದು ಹೇಳಿಸಿಕೊಂಡವಳು ನಿಜಕ್ಕೂ ಹೊರಗಿರುತ್ತಾಳೆಯೇ? ಹುಣಸೂರು, ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಮನೆಗಳನ್ನು ನೋಡಿ. ಮುರಿದ ಸೊಪ್ಪನ್ನು ಬಾಡಿ ಕೆಡುವ ಮುಂಚೆ ಕೋಲಿಗೆ ಕಟ್ಟಿ ಒಣಗಿಸುವ ಬ್ಯಾರನ್ನಿಗೆ ಏರಿಸಬೇಕು. ಕಟ್ಟುವ ಕೆಲಸ ಹೆಂಗಸರದು, ಆಳು ಸಿಕ್ಕುವುದಿಲ್ಲ. ಆಗ ಪಕ್ಕದೂರಿಗೆ ಕೊಟ್ಟ ಅಕ್ಕ ಬಂದು ತಂಗಿಯ ಜೊತೆ ಕೂರುತ್ತಾಳೆ, ಅವಳ ಮನೆಯ ನಾಟಿಗೆ ಇವಳು ಮುಯ್ಯಾಳು ಹೋಗುತ್ತಾಳೆ. ತಂಗಿಯ ಬಾಣಂತನಕ್ಕೆ ಅವ್ವನಿಗೆ ಕೈಲಾಗದಿದ್ದರೆ ಅಕ್ಕ ನಿಲ್ಲುತ್ತಾಳೆ. ತಂಗಿಯ ಮಗನ ಕಾಲೇಜು ಫೀಸಿಗೆ ದೊಡ್ಡವ್ವನ ಸಂಘದ ಸಾಲ ಬರುತ್ತದೆ. ಬಡವರ ಮನೆಯಲ್ಲಿ ಒಟ್ಟಿಗೆ ಬೆಳೆದ ಅಕ್ಕತಂಗಿಯರು ಮದುವೆಯಾಗಿ ನಾಲ್ಕು ಕುಲಕ್ಕೆ ಚೆದುರಿದರೂ ತಮ್ಮತಮ್ಮಲ್ಲೇ ಒಂದು ಮನೆ ನಡೆಸುತ್ತಿರುತ್ತಾರೆ. ಯಾವ ವಂಶವೃಕ್ಷದಲ್ಲೂ ಅದನ್ನು ಬರೆಯುವ ಜಾಗವಿಲ್ಲ.

ಇಂಥ ಮನೆಯ ಕತೆಯನ್ನು ಇಡೀ ಲೋಕ ಓದುವಂತೆ ಬರೆದವಳು ಅಮೆರಿಕದ ಲೂಯಿಸಾ ಮೇ ಆಲ್ಕಾಟ್. ಅವಳ ‘ಲಿಟಲ್ ವಿಮೆನ್’ ಕಾದಂಬರಿ 1868 ಮತ್ತು 1869ರಲ್ಲಿ ಎರಡು ಭಾಗವಾಗಿ ಬಂತು. ಅಪ್ಪ ಯುದ್ಧಕ್ಕೆ ಹೋಗಿದ್ದಾನೆ, ಮನೆಯಲ್ಲಿ ಕಾಸಿಲ್ಲ, ಅವ್ವನ ಜೊತೆ ಮೆಗ್, ಜೋ, ಬೆತ್, ಏಮಿ ಎನ್ನುವ ನಾಲ್ವರು ಹೆಣ್ಣುಮಕ್ಕಳು. ಅಪ್ಪನಿಗೆ ಕಾಯಿಲೆ ಎಂದು ತಂತಿ ಬಂದಾಗ ಎರಡನೆಯವಳು ಜೋ ತಲೆಗೂದಲನ್ನೇ ಕತ್ತರಿಸಿ ಮಾರಿ ಇಪ್ಪತ್ತೈದು ಡಾಲರ್ ತರುತ್ತಾಳೆ. ಎಲ್ಲರೂ ನೆನಪಿಟ್ಟುಕೊಳ್ಳುವ ಪ್ರಸಂಗ ಅದು. ನನ್ನನ್ನು ಹೆಚ್ಚು ಕಲಕುವುದು ಇನ್ನೊಂದು. ಅಕ್ಕ ಮೆಗ್‌ಗೆ ಮದುವೆಯಾಗುವ ಸೂಚನೆ ಕಂಡ ಕೂಡಲೇ ಜೋ ಸಿಡಿದೇಳುತ್ತಾಳೆ. ತಾನೇ ಅಕ್ಕನನ್ನು ಮದುವೆಯಾಗಿ ಮನೆಯಲ್ಲೇ ಉಳಿಸಿಕೊಳ್ಳುವಂತಿದ್ದರೆ ಎಂದು ಹಂಬಲಿಸುತ್ತಾಳೆ. ನಮ್ಮ ಗಾದೆಗೆ ಒಬ್ಬ ತಂಗಿ ಕೊಡಬಹುದಾದ ಉತ್ತರ ಅದು. ಅಕ್ಕ ಹೋದರೆ ಕುಲಕ್ಕೆ ಒಂದು ಲೆಕ್ಕ ಕಡಿಮೆಯಾಗುತ್ತದೆ. ಮಗ್ಗುಲಲ್ಲಿ ಮಲಗುತ್ತಿದ್ದ ತಂಗಿಗೆ ಅರ್ಧ ಬದುಕೇ ಎದ್ದುಹೋಗುತ್ತದೆ. ಕತೆಯ ಕೊನೆಗೆ ಜೋಗೆ ದೊಡ್ಡ ಮನೆಯೂ ಜಮೀನೂ ಸಿಕ್ಕುತ್ತವೆ. ಅವನ್ನು ಬಿಟ್ಟುಹೋದವಳು ಅಪ್ಪನ ಕಡೆಯ ಹಿರಿಯಳು, ಆಂಟ್ ಮಾರ್ಚ್. ಹೆಣ್ಣಿನಿಂದ ಹೆಣ್ಣಿಗೆ ಬಂದ ಆಸ್ತಿ.

ಬರೆದವಳ ಬದುಕು ಕಾದಂಬರಿಗಿಂತ ಗಟ್ಟಿಯಾದದ್ದು. ಆಲ್ಕಾಟರ ಮನೆಯಲ್ಲೂ ನಾಲ್ವರು ಅಕ್ಕತಂಗಿಯರು: ಆನಾ, ಲೂಯಿಸಾ, ಎಲಿಜಬೆತ್, ಮೇ. ಅಪ್ಪ ಬ್ರಾನ್ಸನ್ ದೊಡ್ಡ ವಿಚಾರಗಳ ಮನುಷ್ಯ, ಸಂಪಾದನೆ ಕೈಗೆ ಹತ್ತಲಿಲ್ಲ. 1843ರಲ್ಲಿ ಅವನು ಕಟ್ಟಿದ ಆದರ್ಶ ಬೇಸಾಯದ ಬಿಡಾರ ಏಳು ತಿಂಗಳಲ್ಲಿ ಮುಚ್ಚಿತು. ಲೂಯಿಸಾ ಹೊಲಿಗೆ ಹಾಕಿದಳು, ಪಾಠ ಹೇಳಿದಳು, ಮನೆಗೆಲಸಕ್ಕೂ ಹೋದಳು. ಎಲಿಜಬೆತ್ 1858ರಲ್ಲಿ ತೀರಿಕೊಂಡಳು. ಪುಸ್ತಕದ ಹಣ ಬಂದ ಮೇಲೆ ಲೂಯಿಸಾ ಮನೆಯ ಸಾಲ ತೀರಿಸಿದಳು, ಮೇ ಯುರೋಪಿನಲ್ಲಿ ಚಿತ್ರಕಲೆ ಕಲಿಯಲು ಖರ್ಚು ಕೊಟ್ಟಳು. ಆನಾಳ ಗಂಡ 1870ರಲ್ಲಿ ಸತ್ತಾಗ, ಅಕ್ಕನಿಗೂ ಅವಳ ಇಬ್ಬರು ಗಂಡುಮಕ್ಕಳಿಗೂ ಆಸರೆಯಾಗಲೆಂದೇ ಮುಂದಿನ ಪುಸ್ತಕ ‘ಲಿಟಲ್ ಮೆನ್’ ಬರೆದಳು. 1879ರಲ್ಲಿ ಮೇ ಹೆರಿಗೆಯ ನಂತರ ಪ್ಯಾರಿಸ್ಸಿನ ಬಳಿ ತೀರಿಕೊಂಡಳು. ಕೂಸನ್ನು ದೊಡ್ಡಮ್ಮ ಲೂಯಿಸಾಗೆ ಒಪ್ಪಿಸಿ ಎಂದು ಅವಳು ಹೇಳಿಹೋಗಿದ್ದಳು. ಕೂಸು ಸಮುದ್ರ ದಾಟಿ ಬಂತು. ಮದುವೆಯಾಗದ ಲೂಯಿಸಾ ಅದನ್ನು ಸಾಕಿದಳು.

ಇದನ್ನು ಓದುವಾಗ ನನಗೆ ಸಾಲಿಗ್ರಾಮದ್ದೇ ಒಂದು ನೆನಪು ಜೊತೆಗೆ ಬರುತ್ತದೆ. ರಾಮಾನುಜಾಚಾರ್ಯರು ಇಲ್ಲಿಗೆ ಬಂದರೆಂದೂ ವಡುಗನಂಬಿ ಇಲ್ಲೇ ಅವರ ಶಿಷ್ಯನಾದನೆಂದೂ ಸಂಪ್ರದಾಯ ಹೇಳುತ್ತದೆ. ಶ್ರೀಪಾದತೀರ್ಥದ ಕೊಳ ಇಂದಿಗೂ ಊರಿನಲ್ಲಿದೆ. ಗುರುವಿಗೆ ಕಾಯಿಸುತ್ತಿದ್ದ ಹಾಲು ಉಕ್ಕೀತೆಂದು, ಬಾಗಿಲಿಗೆ ಬಂದ ದೇವರ ಉತ್ಸವಕ್ಕೂ ಎದ್ದು ಹೋಗದವನು ವಡುಗನಂಬಿ. ಅವನ ಸೇವೆಯನ್ನು ಕಂಡೇ ಆ ಪರಂಪರೆ ಅವನನ್ನು ಒಳಗಿನವನೆಂದು ಒಪ್ಪಿಕೊಂಡಿತು. ಸೊಪ್ಪು ಕಟ್ಟಲು, ನಾಟಿ ಹಾಕಲು, ಬಾಣಂತನಕ್ಕೆ ಬರುವ ಮಗಳಿಗೂ ಅಷ್ಟು ಒಪ್ಪಿಗೆ ಸಲ್ಲಬೇಡವೇ?

ಲೂಯಿಸಾಗೆ ಕೊನೆಗಾಲದಲ್ಲಿ ಒಂದು ತೊಡಕು ಎದುರಾಯಿತು. ಲೇಖಕಿ ಸತ್ತ ಮೇಲೆ ಪುಸ್ತಕದ ಹಕ್ಕನ್ನು ಮತ್ತೊಂದು ಅವಧಿಗೆ ಮುಂದುವರಿಸಲು ಅಲ್ಲಿನ ಕಾನೂನು ಅಕ್ಕತಂಗಿಯರ ಮಕ್ಕಳಿಗೆ ಅವಕಾಶ ಕೊಟ್ಟಿರಲಿಲ್ಲ, ಕಾನೂನಿನ ಲೆಕ್ಕಕ್ಕೆ ಅವಳ ಮಕ್ಕಳೇ ಆಗಿರಬೇಕಿತ್ತು. ಅದಕ್ಕೇ ಅವಳು ಆನಾಳ ಮಗ ಜಾನ್ ಪ್ರ್ಯಾಟ್‌ನನ್ನು ದತ್ತು ತೆಗೆದುಕೊಂಡಳು. 1888ರ ಮಾರ್ಚಿನಲ್ಲಿ ಅಪ್ಪ ಸತ್ತ ಎರಡೇ ದಿನಕ್ಕೆ ಅವಳೂ ತೀರಿಕೊಂಡಳು. ಬ್ರಾನ್ಸನ್‌ಗೆ ಗಂಡುಮಕ್ಕಳಿರಲಿಲ್ಲ. ಕೊಟ್ಟ ಹೆಣ್ಣಿನ ಮಗ ಆಲ್ಕಾಟ್ ಎಂದು ಹೆಸರಿಟ್ಟುಕೊಂಡು, ಚಿಕ್ಕಮ್ಮನ ದುಡಿಮೆಯಿಂದ ಬಂದ ಹಣ ತನ್ನ ಅವ್ವನಿಗೂ ಮನೆಯ ಉಳಿದವರಿಗೂ ತಲುಪುವಂತೆ ನೋಡಿಕೊಂಡ.