ವಿಧೇಯತೆಯೂ ಸನ್ಮಾನವೂ

ಪ್ರಾಯಕ್ಕೆ ಬಂದ ಮಗನು ಅಥವಾ ಮಗಳು ತಂದೆತಾಯಿಗಳ ಮಾತನ್ನು ಎಷ್ಟರ ಮಟ್ಟಿಗೆ ಕೇಳತಕ್ಕದ್ದು? ಈ ಪ್ರಶ್ನೆಯನ್ನು ನಮ್ಮ ಹಳ್ಳಿಗಳಲ್ಲಿ ಬಾಯಿಬಿಟ್ಟು ಕೇಳುವವರು ಕಡಿಮೆ. ಮನಸ್ಸಿನೊಳಗೆ ಬೇಯುವವರು ಬಹು ಮಂದಿ. ಒಬ್ಬ ಹುಡುಗಿಯು ದಾದಿಯ ಕೆಲಸವನ್ನು ಕಲಿಯಬೇಕೆಂದಿದ್ದಾಳೆ. ಮನೆಯವರು ಅವಳನ್ನು ಸೋದರಮಾವನಿಗೆ ಕೊಡುವದಾಗಿ ಮಾತಾಡಿ ಮುಗಿಸಿದ್ದಾರೆ. ಒಬ್ಬ ಯೌವನಸ್ಥನಿಗೆ ಮರಗೆಲಸದಲ್ಲಿ ಕೈ ಚೆನ್ನಾಗಿ ಓಡುತ್ತದೆ. ಸರಕಾರದ ಕೆಲಸಕ್ಕೇ ಹೋಗಬೇಕೆಂದು ತಂದೆಯ ಹಟ. ಒಪ್ಪಿದರೆ ಬಾಳೆಲ್ಲಾ ವ್ಯಥೆ. ಒಪ್ಪದಿದ್ದರೆ ಹೆತ್ತವರಿಗೆ ದ್ರೋಹ ಮಾಡಿದರೆಂಬ ಅಪವಾದ. ಇಂಥವರು ಏನು ಮಾಡಬೇಕು?

ಈ ಕಷ್ಟವು ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಚೀನ ದೇಶದಲ್ಲಿ ಪಿತೃಭಕ್ತಿಯನ್ನು ಸಕಲ ಸದ್ಗುಣಗಳ ಬೇರೆಂದು ಎಣಿಸಿ, ಮಕ್ಕಳಿಗೆ ಇಪ್ಪತ್ತನಾಲ್ಕು ಕಥೆಗಳನ್ನು ಕಲಿಸುತ್ತಿದ್ದರು. ಅವುಗಳಲ್ಲೊಂದು ಹೀಗಿದೆ: ಗುವೊ ಜು ಎಂಬ ಬಡವನು, ಮುದಿತಾಯಿಯ ಅನ್ನದಲ್ಲಿ ತನ್ನ ಕೂಸಿಗೆ ಪಾಲು ಹೋಗುತ್ತದೆಂದು ಆ ಕೂಸನ್ನೇ ಹೂಳುವದಕ್ಕೆ ಕುಣಿ ತೋಡಿದನು, ಕುಣಿಯಲ್ಲಿ ಬಂಗಾರ ಸಿಕ್ಕಿದ್ದರಿಂದ ಕೂಸು ಉಳಿಯಿತು. ಲು ಷುನ್ ಎಂಬ ಗ್ರಂಥಕರ್ತನು ಬಾಲ್ಯದಲ್ಲಿ ಈ ಕಥೆಯನ್ನು ಓದಿ, ತನ್ನ ತಂದೆಯೂ ಇಂಥ ಸುಪುತ್ರನಾಗಿಬಿಟ್ಟರೆ ತನ್ನ ಗತಿ ಏನೆಂದು ಹೆದರಿದ್ದನ್ನು 1926ರಲ್ಲಿ ಬರೆದನು. ಜಪಾನ್ ದೇಶದ 1898ರ ಕಾನೂನಿನ ಪ್ರಕಾರ 30 ವರುಷ ತುಂಬದ ಗಂಡಸೂ 25 ವರುಷ ತುಂಬದ ಹೆಂಗಸೂ ಹೆತ್ತವರ ಒಪ್ಪಿಗೆಯಿಲ್ಲದೆ ಮದುವೆಯಾಗುವ ಹಾಗಿರಲಿಲ್ಲ. 1947ರಲ್ಲಿ ಜಾರಿಗೆ ಬಂದ ಸಂವಿಧಾನವು ವಧೂವರರ ಒಪ್ಪಿಗೆಯೇ ಸಾಕೆಂದು ಮಾಡಿತು.

ಆದರೆ ಹಿರಿಯರ ಮಾತನ್ನು ಕಣ್ಣುಮುಚ್ಚಿ ನಡಿಸಬೇಕೆಂದು ಪೂರ್ವಕಾಲದ ಗುರುಗಳೆಲ್ಲರೂ ಕಲಿಸಿದರೋ? ಇಲ್ಲ. ಚೀನದವರ ಪುರಾತನ ಪಿತೃಭಕ್ತಿಯ ಗ್ರಂಥದಲ್ಲಿಯೇ, ತಂದೆಯ ಅಪ್ಪಣೆಯಂತೆ ನಡೆದರೆ ಸಾಕೋ ಎಂದು ಶಿಷ್ಯನು ಕೇಳಲು, ಗುರುವಾದ ಕನ್‌ಫ್ಯೂಷಿಯಸನು ಅದನ್ನು ಒಪ್ಪದೆ, ತಂದೆಯು ಅನ್ಯಾಯಕ್ಕೆ ಕೈಹಾಕಿದಾಗ ಮಗನು ಎದುರು ನಿಂತು ಬುದ್ಧಿ ಹೇಳಲೇಬೇಕೆಂದು ಬೋಧಿಸುತ್ತಾನೆ.

ಹಾಗಾದರೆ ಯೌವನಸ್ಥರು ಮನಸ್ಸು ಬಂದಂತೆ ನಡೆಯಬಹುದೋ ಎಂದು ಹಿರಿಯರು ಕೇಳಬಹುದು. ಇಲ್ಲಿ ನಾವು ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ತಿಳಿಯತಕ್ಕದ್ದು. ವಿಧೇಯತೆಯು ಎಳೆಯ ಪ್ರಾಯಕ್ಕೆ ಸೇರಿದ್ದು. ಬುದ್ಧಿ ಬಲಿಯುವ ತನಕ ಅದು ಮಗುವಿಗೆ ಬೇಲಿಯಾಗಿರುತ್ತದೆ. ಸನ್ಮಾನವಾದರೋ ಜೀವಮಾನದ ಸಾಲ. ಐದನೆಯ ಆಜ್ಞೆಯು ಕೇಳುವದು ಈ ಸನ್ಮಾನವನ್ನೇ. ತಮ್ಮ ಸೊತ್ತು ದೇವರಿಗೆ ಅರ್ಪಿತವೆಂದು ಹೇಳಿ ಹೆತ್ತವರ ಪೋಷಣೆಯಿಂದ ನುಣುಚಿಕೊಳ್ಳುವವರನ್ನು ಕರ್ತನು ಗದರಿಸಿದ್ದನ್ನು ನೆನಪು ಮಾಡಿಕೊಳ್ಳಿರಿ. ಸನ್ಮಾನವೆಂಬದು ಅನ್ನ ಬಟ್ಟೆಗಳಲ್ಲಿಯೂ ಕಾಣತಕ್ಕದ್ದು. ನಮ್ಮ ದೇಶದ ನ್ಯಾಯವೂ ಇದೇ ಭೇದವನ್ನು ಮಾಡಿದೆ. ಪ್ರಾಯಕ್ಕೆ ಬಂದ ಇಬ್ಬರು ಮದುವೆಯಾಗುವದಕ್ಕೆ ಮನೆತನದ ಅಥವಾ ಕುಲದ ಒಪ್ಪಿಗೆ ಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪುಕೊಟ್ಟಿತು. ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ತಂದೆತಾಯಿಗಳನ್ನು ಮಕ್ಕಳು ಸಾಕಲೇಬೇಕೆಂದು 2007ರ ಕಾನೂನು ವಿಧಿಸುತ್ತದೆ. ಹೆತ್ತವರ ಅಪ್ಪಣೆಗೆ ಒಂದು ಮೇರೆಯುಂಟು. ಮಕ್ಕಳ ಋಣಕ್ಕೆ ಅಂಥ ಮೇರೆಯಿಲ್ಲ.

ಹೆತ್ತವರ ಹಟದ ಅಡಿಯಲ್ಲಿ ಏನಿದೆಯೆಂದು ಮಕ್ಕಳು ನೋಡಬೇಕು. ಬಹಳ ಸಾರಿ ಅಲ್ಲಿರುವದು ಭಯ. ಹೊಲದ ಕೂಲಿಗೆ ಪಿಂಚಣಿಯ ಸಂಬಳ ಬರುವದಿಲ್ಲ. ಮುಪ್ಪಿನಲ್ಲಿ ಗಂಜಿ ಕಾಸುವವರು ಯಾರು, ನೆಂಟರ ಮುಂದೆ ತಲೆಯೆತ್ತುವದು ಹೇಗೆ ಎಂಬ ಚಿಂತೆ ಅವರನ್ನು ತಿನ್ನುತ್ತಿರುತ್ತದೆ. ಆ ಭಯಕ್ಕೆ ಉತ್ತರ ಕೊಡದೆ ಅಪ್ಪಣೆಯನ್ನು ಮಾತ್ರ ತಳ್ಳಿಬಿಟ್ಟರೆ ಜಗಳವು ಬೆಳೆಯುವದು. ಆದದರಿಂದ ಒಲ್ಲೆನೆಂದು ಹೇಳುವವನು ತಾನು ಮಾಡುವದನ್ನೂ ಕೂಡಲೇ ಹೇಳಲಿ: “ಅಪ್ಪಾ, ಈ ಒಂದು ಮಾತನ್ನು ನಾನು ನಡಿಸಲಾರೆ, ಆದರೆ ತಿಂಗಳು ತಿಂಗಳಿಗೂ ಮನೆಗೆ ಹಣ ಕೊಡುತ್ತೇನೆ, ನಿನ್ನ ಕೈಬಿಡುವದಿಲ್ಲ.” ಸಂತೆಯಲ್ಲಿಯೂ ನೆಂಟರ ಎದುರಿನಲ್ಲಿಯೂ ಇದನ್ನು ಆಡಬಾರದು. ತಂದೆಯು ಗೌರವಿಸುವ ಚಿಕ್ಕಪ್ಪನನ್ನೋ ಅಜ್ಜಿಯನ್ನೋ ನಡುವೆ ಕೂರಿಸಿ, ಸಮಯ ಕೇಳಿ, ತಗ್ಗಿದ ಸ್ವರದಲ್ಲಿ ಹೇಳಬೇಕು. ಹೀಗೆ ಮಾಡಿದರೂ ಕೆಲವು ತಂದೆಗಳು ವರುಷಗಟ್ಟಲೆ ಮಾತು ಬಿಡುವದುಂಟು. ಆಗಲೂ ಹಬ್ಬಕ್ಕೆ ಹೋಗಬೇಕು, ಕಾಯಿಲೆಯಲ್ಲಿ ಮಗ್ಗುಲಲ್ಲಿ ಇರಬೇಕು. ಅವರ ಕೋಪವನ್ನು ಸಹಿಸುವದೂ ಸನ್ಮಾನದ ಒಂದು ಪಾಲೇ.

ಆದರೆ ಹೊಡೆಯುವದು, ಮನೆಯಲ್ಲಿ ಕೂಡಿಹಾಕುವದು, 18 ವರುಷ ತುಂಬದ ಹುಡುಗಿಗೆ ಮದುವೆ ಮಾಡುವದು, ಇವುಗಳನ್ನು ಯಾರೂ ಹೆತ್ತವರ ಹಕ್ಕೆಂದು ಎಣಿಸಬಾರದು, ಇವು ಅಪರಾಧಗಳು. ಇಂಥಲ್ಲಿ ಮೌನವಾಗಿ ಸಹಿಸೆಂದು ಹುಡುಗಿಗೆ ಬುದ್ಧಿಹೇಳುವ ನೆರೆಯವರೂ ಆ ಪಾಪದಲ್ಲಿ ಪಾಲುಗಾರರು.

ತಂದೆತಾಯಿಗಳೇ, ನಿಮಗೂ ಒಂದು ಮಾತು. ಹೆದರಿ ಒಪ್ಪಿದ ಮಗನು ನಿಮ್ಮ ಮನೆಯಲ್ಲಿದ್ದರೂ ನಿಮ್ಮವನಾಗಿರನು. ಮನಸ್ಸಿನಿಂದ ಹತ್ತಿರವಿರುವ ಮಗನು ದೂರದ ಊರಿನಲ್ಲಿ ಮರಗೆಲಸ ಮಾಡುತ್ತಿದ್ದರೂ ನಿಮ್ಮ ಮುಪ್ಪಿಗೆ ಊರುಗೋಲಾಗುವನು. ಇವರಲ್ಲಿ ಯಾರು ನಿಮಗೆ ಬೇಕೆಂಬದನ್ನು ನೀವೇ ಯೋಚಿಸಿರಿ.